ಬಾನಿಯಲ್ಲಿಟ್ಟ ಚೆಂಡು

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಬಾಗಿಲ ಪಕ್ಕದ ಜಾಗ ಚಲಪತಿಯದು. ಆಚೆಗೊಂದು ಹಾಲಿನ ಕ್ಯಾನು, ಈಚೆಗೊಂದು ಹಾಲಿನ ಕ್ಯಾನು, ನಡುವೆ ಅವನು. ಊರಿಗಾಂನಲ್ಲಿ ಇಳಿದು, ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನು ಮನೆಗಳಿಗೆ ಹಾಲು ಹಾಕಿ, ಹತ್ತೂವರೆ ಗಾಡಿಗೆ ವಾಪಸು. ಹದಿನಾರು ವರ್ಷದಿಂದ ಇದೇ ಕೆಲಸ. ಅವನು ಹತ್ತಿದನೆಂದರೆ ಫುಟ್‌ಬಾಲಿನ ಕಥೆ ನಡೆಯಲೇಬೇಕು. ಕೇಳುವವರಿಗೆಲ್ಲ ಅದು ಬಾಯಿಪಾಠ. ಆದರೂ ಕೇಳುತ್ತಿದ್ದರು, ಏಕೆಂದರೆ ಪ್ರತಿಸಲ ಒಂದೆರಡು ಸುಳ್ಳನ್ನು ಅವನು ಹೊಸದಾಗಿ ಸೇರಿಸುತ್ತಿದ್ದ.

ಅರವತ್ತಾರನೇ ಇಸವಿಯ ಆ ಶುಕ್ರವಾರ ಮಾತ್ರ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

"ಏನ್ ಚಲಪತಿ, ತಲೈ ಕಥೆ ಇಲ್ವಾ ಇವತ್ತು?" ಎಂದು ಯಾರೋ ಕೇಳಿದರು.

"ಗಂಟಲು ಸರಿ ಇಲ್ಲ ಕಣಪ್ಪ," ಎಂದ ಚಲಪತಿ. ಗಂಟಲು ಸರಿಯಾಗಿಯೇ ಇತ್ತು.

ತಲೈ ಎಂದರೆ ಆಂಜನಪ್ಪ. ಐವತ್ತರ ದಶಕದಲ್ಲಿ ಗಣಿ ಸೀಮೆಯ ಮೈದಾನಗಳಲ್ಲಿ ಚೆಂಡು ನೋಡಿದ ಯಾರನ್ನು ಕೇಳಿದರೂ ಆ ಹೆಸರು ಹೇಳುತ್ತಿದ್ದರು. ಚಲಪತಿಯ ಪಕ್ಕದ ಹಳ್ಳಿಯವನು, ಜೊತೆಯಲ್ಲಿ ದನ ಮೇಯಿಸಿ ಬೆಳೆದವನು. ಗಣಿಯಲ್ಲಿ ಕೆಲಸ ಸಿಕ್ಕಿ ನಂದಿದುರ್ಗದ ಲೈನಿಗೆ ಬಂದ. ಹಾಲು ಹಾಕುವ ನೆಪದಲ್ಲಿ ಚಲಪತಿಯೂ ಲೈನಿನ ತಂಡಕ್ಕೆ ಸೇರಿಕೊಂಡ. ಬಲಗಡೆ ಅಂಚಿನಲ್ಲಿ ಬರಿಗಾಲಲ್ಲಿ ಓಡುವುದು ಚಲಪತಿಯ ಪಾಲಿಗೆ, ಗೋಲಿನ ಮುಂದೆ ಎಗರಿ ಚೆಂಡಿಗೆ ತಲೆ ಕೊಡುವುದು ಆಂಜನಪ್ಪನ ಪಾಲಿಗೆ. ಚಲಪತಿ ಮೂಲೆಯಿಂದ ಚೆಂಡು ಎತ್ತಿದನೆಂದರೆ ತಮಿಳು ಕೂಲಿಗಳೆಲ್ಲ ಒಂದೇ ಗಂಟಲಲ್ಲಿ "ತಲೈ, ತಲೈ" ಅಂತ ಕೂಗುತ್ತಿದ್ದರು. ಆ ಕೂಗು ಕೇಳಿದವನಿಗೆ ಮತ್ತೆ ಯಾವ ಹೊಗಳಿಕೆಯೂ ರುಚಿಸುವುದಿಲ್ಲ. ಚಲಪತಿಗಂತೂ ರುಚಿಸಲಿಲ್ಲ.

ಆಗಿನ ಚೆಂಡು ದಪ್ಪ ತೊಗಲಿನದು, ಮೇಲೆ ಲೇಸು ಬಿಗಿದದ್ದು. ಒಣಗಿದ್ದಾಗಲೇ ಹಣೆಗೆ ತಾಗಿದರೆ ಕಣ್ಣು ಮಂಜಾಗುತ್ತಿತ್ತು. ಮಳೆಯಲ್ಲಿ ನೆಂದರೆ ಅದಕ್ಕೆ ತಲೆ ಕೊಡಲು ಎಂಥ ಗಟ್ಟಿಗನೂ ಹಿಂದೆ ಸರಿಯುತ್ತಿದ್ದ. ಅಲ್ಲೇ ಚಲಪತಿಗೆ ಒಂದು ಉಪಾಯ ಹೊಳೆದದ್ದು. ಎಮ್ಮೆ ಸಾಕುವವನ ತಲೆಗೆ ಹೊಳೆಯುವ ಉಪಾಯವೇ ಅದು.

"ಒಣಗಿದ ಬಾಲಿಗೆ ತಲೆ ಯಾರ್ ಬೇಕಾದ್ರೂ ಕೊಡ್ತಾರೆ," ಎಂದಿದ್ದ ಆಂಜನಪ್ಪನಿಗೆ. "ಶನಿವಾರ ಸಂಜೆ ನಮ್ಮ ಎಮ್ಮೆ ಬಾನೀಲಿ ಹಾಕಿಡಾನ. ಭಾನುವಾರ ಬೆಳಗ್ಗೆಗೆ ಗುಂಡುಕಲ್ಲಾಗಿರ್ತದೆ. ಅದಕ್ಕೆ ತಲೆ ಕೊಟ್ಟು ಪಳಗಿದ್ಯೋ, ಮ್ಯಾಚಿನ ಬಾಲು ನಿಂಗೆ ಹತ್ತಿ ಅಂಗೆ ಕಾಣ್ತದೆ."

ಆಂಜನಪ್ಪ ಒಪ್ಪಿದ. ಚಲಪತಿ ಹೇಳಿದ್ದಕ್ಕೆ ಅವನು ಯಾವತ್ತು ಇಲ್ಲ ಅಂದಿದ್ದ? ಆಗೆಲ್ಲ ಭಾನುವಾರದ ಹಾಲನ್ನು ಚಲಪತಿ ಬೇರೆಯವರ ಕೈಲಿ ಕಳಿಸುತ್ತಿದ್ದ. ಬೆಳಗಾದರೆ ಬಂಗಾರಪೇಟೆಯ ಕೆರೆಯಂಗಳದಲ್ಲಿ ಇಬ್ಬರೇ. ನೀರು ಸೋರುವ ಚೆಂಡನ್ನು ಚಲಪತಿ ಎತ್ತೆತ್ತಿ ಕಳಿಸುವುದು, ಆಂಜನಪ್ಪ ಎಗರಿ ಎಗರಿ ತಲೆ ಕೊಡುವುದು. ದಿನಕ್ಕೆ ಐವತ್ತು ಸಲ. ಎಮ್ಮೆಗಳು ತೊಗಲಿನ ವಾಸನೆಗೆ ಬಾನಿಗೆ ಮೂತಿ ಇಡುತ್ತಿರಲಿಲ್ಲ. ಚಲಪತಿಯ ತಾಯಿ ಪಿಳ್ಳಮ್ಮ ಇಬ್ಬರಿಗೂ ಸೇರಿಸಿ ಶಾಪ ಹಾಕಿ, ಆಮೇಲೆ ಇಬ್ಬರಿಗೂ ಸೇರಿಸಿ ಮುದ್ದೆ ಬಡಿಸುತ್ತಿದ್ದಳು.

"ಕಿವೀಲಿ ಗಂಟೆ ಒಡೀತದೆ ಕಣ್ಲಾ," ಎನ್ನುತ್ತಿದ್ದ ಆಂಜನಪ್ಪ ಉಣ್ಣುತ್ತ.

"ಅಂದ್ರೆ ತಲೆ ಗಟ್ಟಿ ಆಯ್ತಾ ಐತೆ ಅಂತ," ಎನ್ನುತ್ತಿದ್ದ ಚಲಪತಿ.

ಎಂಥ ಬೆಳಗುಗಳು ಅವು. ಕೆರೆಯ ಮೇಲಿನ ತಣ್ಣನೆ ಗಾಳಿ, ಒದ್ದೆ ಹುಲ್ಲು, ಕೆಲಸ ಇಲ್ಲದ ದಿನದ ನಿರಾಳ. ಇಪ್ಪತ್ಮೂರು ವರ್ಷದ ಇಬ್ಬರಿಗೆ ಇನ್ನೇನು ಬೇಕು? ಒಂಬತ್ತು ವರ್ಷ ಹೀಗೇ ಸಾಗಿತು.

ರೈಲಿನಲ್ಲಿ ಎಲ್ಲರೂ ಕೇಳುತ್ತಿದ್ದ ಕಥೆ ಐವತ್ತೈದರ ಫೈನಲಿನದು. ಎದುರಿಗೆ ಕೋರಮಂಡಲ್ ಲೈನಿನವರು. ಆಂಜನಪ್ಪ ಎಗರಿದಾಗ ಗೋಲ್‌ಕೀಪರನ ಮೊಣಕಾಲು ಕಪಾಳದ ಮೇಲೆ ಬಿದ್ದು, ನೆಲಕ್ಕುರುಳಿದವನು ಏಳಲಿಲ್ಲ. ಮೂರು ಬಾಟಲಿ ಸೋಡಾ ಮುಖಕ್ಕೆ ಹೊಡೆದ ಮೇಲೆ ಕಣ್ಣು ಬಿಟ್ಟ. ಆಟದಿಂದ ಆಚೆ ಕೂರಿಸೋಣ ಅಂದವರು ಒಬ್ಬರೋ ಇಬ್ಬರೋ. "ಏನೂ ಆಗಿಲ್ಲ, ಎದ್ದೇಳು," ಎಂದು ಕೈ ಹಿಡಿದು ಎಬ್ಬಿಸಿದವನು ಚಲಪತಿ. ಕೊನೆಯ ನಿಮಿಷದ ಕಾರ್ನರು, ಆಂಜನಪ್ಪನ ತಲೆ, ಗೋಲು. ಹೆಗಲ ಮೇಲೆ ಹೊತ್ತು ಕುಣಿದರು, ರೈಲು ಹತ್ತಿಸಿದರು. ಕೋರಮಂಡಲ್ ಸ್ಟೇಷನ್ನು ದಾಟುವಾಗ ಆಂಜನಪ್ಪ ಮೆಲ್ಲಗೆ, "ಲೇ ಚಲಪತಿ, ಮ್ಯಾಚು ಎಷ್ಟೊತ್ತಿಗೆ?" ಎಂದು ಕೇಳಿದ. ಡಬ್ಬಿಗೆ ಡಬ್ಬಿಯೇ ಬಿದ್ದು ಬಿದ್ದು ನಕ್ಕಿತು. ಹನ್ನೊಂದು ವರ್ಷದಿಂದ ಚಲಪತಿ ಆ ಕಥೆಯನ್ನು ಅಲ್ಲಿಗೇ ತಂದು ನಿಲ್ಲಿಸುತ್ತಿದ್ದ, ಜನ ಅಲ್ಲಿಗೇ ನಗುತ್ತಿದ್ದರು.

ಐವತ್ತೇಳರಲ್ಲಿ ತನ್ನ ತಂಗಿ ಗಂಗರತ್ನಮ್ಮನನ್ನು ಅವನಿಗೇ ಕೊಡಬೇಕೆಂದು ಹಟ ಹಿಡಿದವನೂ ಚಲಪತಿಯೇ. ಮಕ್ಕಳಾಗಲಿಲ್ಲ, ಆದರೆ ಅವರಿಬ್ಬರ ನಗು ಲೈನಿನ ಆ ತುದಿಯವರೆಗೆ ಕೇಳುತ್ತಿತ್ತು. ಹೆಂಡ ಸಾರಾಯಿಗೆ ಕೈ ಮುಗಿದು ದೂರ ಇದ್ದ ಗಂಡ ಗಣಿಯ ಲೈನುಗಳಲ್ಲಿ ಎಷ್ಟು ಜನರಿಗೆ ಸಿಕ್ಕಿದ್ದ?

ಮೂರು ವರ್ಷದ ಹಿಂದೆ ಶುರುವಾಯಿತು. ಮೊದಲು ಹೆಸರುಗಳು ಮರೆತವು. ಆಮೇಲೆ ನಾಲಿಗೆ ತೊದಲಿತು, ನಡೆದರೆ ಕಾಲು ಅಡ್ಡಾದಿಡ್ಡಿ ಬೀಳತೊಡಗಿತು, ಬಲಗೈ ತನ್ನಷ್ಟಕ್ಕೆ ನಡುಗಿತು. ಮೇಸ್ತ್ರಿ ಅವನನ್ನು ಗಣಿಯೊಳಗೆ ಇಳಿಸುವುದು ಬಿಟ್ಟು ಮೇಲೆ ಮರದ ಅಡ್ಡೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಹಾಕಿದ. "ತಲೈ ಕುಡಿಯೋದು ಕಲಿತ" ಎಂದು ಲೈನಿನಲ್ಲಿ ಮಾತು ಹಬ್ಬಿತು. ಹೋದ ತಿಂಗಳು ಯಾವುದೋ ಸಿಟ್ಟಿಗೆ ಹೆಂಡತಿಯನ್ನು ಗೋಡೆಗೆ ನೂಕಿದ. ಅವಳ ಹುಬ್ಬು ಒಡೆಯಿತು. ಗಂಗರತ್ನಮ್ಮ ಒಂದು ಚೀಲ ಹಿಡಿದು ಬಂಗಾರಪೇಟೆಗೆ ಬಂದು ಹತ್ತು ದಿನವಾಗಿತ್ತು. ಕುಡುಕನ ಮನೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಪಿಳ್ಳಮ್ಮ ತೀರ್ಮಾನ ಮಾಡಿದ್ದಳು. ಸಂಬಂಧ ಕಡಿದುಕೊಳ್ಳುವ ಮಾತಾಡಲು ಸೋದರಮಾವ ದೊಡ್ಡವೆಂಕಟಪ್ಪ ಭಾನುವಾರ ಬರುವವನಿದ್ದ.

ಇಷ್ಟರ ನಡುವೆ ಮಂಗಳವಾರ ಚಲಪತಿ ಯಾರಿಗೂ ಹೇಳದೆ ಆಂಜನಪ್ಪನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದ. ವಯಸ್ಸಾದ ಡಾಕ್ಟರು ಕೈ ಚಾಚಲು ಹೇಳಿದರು, ಗೆರೆಯ ಮೇಲೆ ನಡೆಸಿದರು, ಮೂರು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದರು. ಒಂದೂ ಬರಲಿಲ್ಲ. ಅವನನ್ನು ಆಚೆ ಕೂರಿಸಿ ಚಲಪತಿಯನ್ನು ಕರೆದರು.

"ಇವರು ಬಾಕ್ಸಿಂಗ್ ಆಡ್ತಿದ್ರಾ?"

"ಇಲ್ಲ ಸ್ವಾಮಿ, ಫುಟ್‌ಬಾಲು."

"ತಲೆಗೆ ಏಟು ಬಿದ್ದದ್ದುಂಟಾ?"

ಚಲಪತಿ ಹೆಮ್ಮೆಯಿಂದಲೇ ಶುರುಮಾಡಿದ. ಬಾನಿಯ ಚೆಂಡು, ಭಾನುವಾರದ ಐವತ್ತು, ಐವತ್ತೈದರ ಫೈನಲು, ಸೋಡಾ. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಲೆಗೆ ಮತ್ತೆ ಮತ್ತೆ ಏಟು ತಿಂದ ಬಾಕ್ಸರುಗಳಿಗೆ ಎಷ್ಟೋ ವರ್ಷ ಆದ ಮೇಲೆ ಹೀಗಾಗೋದನ್ನ ನೋಡಿದೀವಿ. ನಡುಕ, ತೊದಲು, ಮರೆವು, ಸಿಟ್ಟು. ಚೆಂಡಿನಿಂದಲೇ ಆಯ್ತು ಅಂತ ನಾನು ಬರೆದುಕೊಡಲಾರೆ. ಆದರೆ ಹೊರಗೆ ಬುರುಡೆ ಗಟ್ಟಿಯಾದರೂ ಒಳಗಿನ ಮಿದುಳು ಗಟ್ಟಿಯಾಗೋದಿಲ್ಲ ಕಣಯ್ಯ. ಅದು ಪ್ರತಿ ಏಟಿಗೂ ಅಲುಗಾಡುತ್ತೆ."

"ವಾಸಿ ಆಗ್ತದಾ ಸ್ವಾಮಿ?"

"ಇಲ್ಲ. ಇನ್ನೂ ಹೆಚ್ಚಾಗುತ್ತೆ."

ಮೂರು ದಿನದಿಂದ ಈ ಮಾತು ಚಲಪತಿಯ ಎದೆಯಲ್ಲಿ ಕೂತಿತ್ತು. ಹೇಳದೆ ಇದ್ದರೆ ಆಂಜನಪ್ಪ ಕುಡುಕನಾಗಿಯೇ ಒಂಟಿಯಾಗುತ್ತಾನೆ. ಹೇಳಿದರೆ ತಂಗಿ ಮತ್ತೆ ಅದೇ ಮನೆಗೆ ಹೋಗುತ್ತಾಳೆ, ದಿನದಿಂದ ದಿನಕ್ಕೆ ಹಾಳಾಗುವ ಮನುಷ್ಯನ ಜೊತೆಗೆ. ಇನ್ನೂ ಒಂದಿತ್ತು, ಅದನ್ನು ಅವನು ತನಗೆ ತಾನೇ ಹೇಳಿಕೊಳ್ಳಲು ನಾಚುತ್ತಿದ್ದ. ಹೇಳಿದರೆ ಆ ಚೆಂಡು ಕಳಿಸಿದವನು ಯಾರು ಎಂಬುದೂ ಹೊರಗೆ ಬರುತ್ತದೆ. ಆ ಶುಕ್ರವಾರ ಅವನು ಲೈನಿನ ಎಲ್ಲ ಮನೆಗೂ ಹಾಲು ಹಾಕಿದ, ಆಂಜನಪ್ಪನ ಮನೆಯ ಮುಂದೆ ಮಾತ್ರ ತಲೆ ತಗ್ಗಿಸಿ ದಾಟಿಹೋದ. ಹೇಡಿತನಕ್ಕೆ ಬೇರೆ ಹೆಸರು ಬೇಡ.

ಮಧ್ಯಾಹ್ನ ಮನೆಗೆ ಬಂದಾಗ ಗಂಗರತ್ನಮ್ಮ ಹಿತ್ತಲಲ್ಲಿ ಕ್ಯಾನು ತೊಳೆಯಲು ಕೂತಿದ್ದಳು. ಹುಬ್ಬಿನ ಗಾಯ ಒಣಗಿತ್ತು. ಚಲಪತಿ ಅವಳ ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಳುವಾಗ ತಂಗಿಯ ಮುಖ ನೋಡಲಿಲ್ಲ, ಕ್ಯಾನನ್ನೇ ನೋಡಿದ.

"ಬಾವ ಕುಡಿಯಲ್ಲ ರತ್ನ," ಎಂದು ಮುಗಿಸಿದ.

"ನಂಗೊತ್ತಿಲ್ವಾ?" ಎಂದಳು ಗಂಗರತ್ನಮ್ಮ. "ಮೂರು ವರ್ಷದಿಂದ ದಿನಾ ಬಾಯಿ ಮೂಸಿ ನೋಡಿದೀನಿ. ಒಂದು ದಿನಾನಾದ್ರೂ ವಾಸನೆ ಬರ್ಲಿ ಅಂತ ದೇವರಿಗೆ ಕೈ ಮುಗ್ದೆ ಅಣ್ಣ. ಕುಡಿದಿದ್ರೆ ಬೆಳಗ್ಗೆಗೆ ಇಳೀತಿತ್ತು."

ಚಲಪತಿ ತಲೆ ಎತ್ತಿ ಅವಳ ಹುಬ್ಬನ್ನು ನೋಡಿದ.

"ಏನು ಅಂತ ಗೊತ್ತಾಗ್ದೇ ಎದ್ರಿಕೊಂಡು ಬಂದೆ. ಇವಾಗ ಗೊತ್ತಾಯ್ತು." ಅವಳು ಕೈಯ ಬೂದಿ ತೊಳೆದುಕೊಂಡಳು. "ಎಮ್ಮೆ ಬಾನಿ ವಿಷಯ ಅವ್ರಿಗೆ ಏಳಿದ್ಯಾ?"

"ಇಲ್ಲ."

"ನಂಗೆ ಏಳಿ ಎದೆ ಅಗುರ ಮಾಡ್ಕೊಂಡ್ರೆ ಆಗಲ್ಲ. ನಾಳೆ ಬೆಳಗ್ಗೆ ಗಾಡಿಗೆ ನಾನೂ ಬತ್ತೀನಿ. ಅವ್ರಿಗೆ ಏಳು."

ಕೊಟ್ಟಿಗೆಯ ಬಾಗಿಲಲ್ಲಿ ಪಿಳ್ಳಮ್ಮ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. "ಭಾನುವಾರ ನಿಮ್ಮಾವ ಬಂದ್ರೆ ಏನಂತ ಏಳ್ಲಿ?" ಎಂದಳು.

"ನಿನ್ನ ಅಳಿಯಂದು ಏನೂ ತಪ್ಪಿಲ್ಲ, ಮಗಂದು ಅಂತ ಏಳು," ಎಂದ ಚಲಪತಿ.

ಶನಿವಾರ ಬೆಳಗ್ಗೆ ಅಣ್ಣ ತಂಗಿ ಊರಿಗಾಂನಲ್ಲಿ ಇಳಿದರು. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಲೈನಿನ ನಲ್ಲಿಯ ಹತ್ತಿರ ನಿಂತ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಆಂಜನಪ್ಪ ಹೊಸ್ತಿಲ ಮೇಲೆ ಕೂತಿದ್ದ. ಮೂವತ್ತೆಂಟು ವರ್ಷದವನು, ಅರವತ್ತರವನ ಹಾಗೆ. ನಡುಗುವ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದ. ಹೆಂಡತಿಯನ್ನು ಗುರುತು ಹಿಡಿದ. ಅವಳ ಹುಬ್ಬನ್ನು ನೋಡಿ ತಲೆ ತಗ್ಗಿಸಿದ.

"ರತ್ನ, ನಾನು ಕುಡಿದಿದ್ನಾ?" ಎಂದು ಕೇಳಿದ.

ಅವಳು ಅಣ್ಣನ ಕಡೆ ನೋಡಿದಳು.

"ಎಲ್ರೂ ಅಂಗೇ ಅಂತಾರೆ," ಎಂದ ಆಂಜನಪ್ಪ ತೊದಲುತ್ತ. "ಎಲ್ರೂ ಅಂದ್ಮೇಲೆ ನಿಜಾನೇ ಇರ್ಬೇಕು. ಬಿಟ್ಬಿಡ್ತೀನಿ ಅಂತ ಆಣೆ ಮಾಡಾನ ಅಂದ್ರೆ, ಯಾವಾಗ ಶುರು ಮಾಡ್ದೆ ಅಂತಾನೇ ಗ್ಯಾನ ಬರ್ತಿಲ್ಲ."

ಇಷ್ಟು ದಿನ ಚಲಪತಿ ಹೆದರಿದ್ದು ಬೈಗುಳಕ್ಕೆ, ಏಟಿಗೆ, ಲೈನಿನ ಜನರ ಕಣ್ಣಿಗೆ. ಆಂಜನಪ್ಪ ತನ್ನ ಮೇಲೇ ಅನುಮಾನ ಪಟ್ಟು ಮನೆಯೊಳಗೆ ಒಬ್ಬನೇ ಕೂತಿದ್ದಾನೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವನು ಹೆಗಲ ಕ್ಯಾನು ಇಳಿಸಿ ಹೊಸ್ತಿಲ ಕೆಳಗೆ ಕೂತ. ನಲ್ಲಿಯ ಹೆಂಗಸರಿಗೂ ಕೇಳುವ ಹಾಗೆ, ಯಾವ ಸುಳ್ಳನ್ನೂ ಸೇರಿಸದೆ, ಮೊದಲಿಂದ ಕೊನೆಯವರೆಗೆ ಹೇಳಿದ. ಉಪಾಯ ತನ್ನದು ಎಂದ. ಕಿವಿಯಲ್ಲಿ ಗಂಟೆ ಹೊಡೆಯುತ್ತದೆ ಎಂದಾಗ ನಿಲ್ಲಿಸಲಿಲ್ಲ ಎಂದ. ಫೈನಲಿನ ದಿನ ಎಬ್ಬಿಸಿದವನೂ ತಾನೇ, ನಗಾಡಿದವನೂ ತಾನೇ ಎಂದ. ಡಾಕ್ಟರು ಹೇಳಿದ್ದನ್ನೂ ಮುಚ್ಚಲಿಲ್ಲ.

ಆಂಜನಪ್ಪ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿಕೊಳ್ಳುತ್ತಿದ್ದವನ ಹಾಗೆ ಹುಬ್ಬು ಗಂಟಿಕ್ಕಿದ್ದ. ಏಟು ಬೀಳುತ್ತದೆಂದು ಚಲಪತಿ ಕಾದ. ಬಿದ್ದರೆ ಒಳ್ಳೆಯದು ಎಂದೂ ಅನ್ನಿಸಿತು.

"ಅಂಗಾದ್ರೆ ನಾನು ಕುಡುಕ ಅಲ್ಲ," ಎಂದ ಆಂಜನಪ್ಪ.

"ಅಲ್ಲ ಬಾವ. ಒಂದು ತೊಟ್ಟೂ ಕುಡಿದಿಲ್ಲ ನೀನು."

ಆಂಜನಪ್ಪನ ಕಣ್ಣಿಂದ ನೀರು ಇಳಿಯಿತು. ಮುಖ ಮಾತ್ರ ನಗುತ್ತಿತ್ತು. ಐವತ್ತೈದರಲ್ಲಿ ಹೆಗಲ ಮೇಲೆ ಹೊತ್ತಾಗಲೂ ಅವನು ಇಷ್ಟು ಹಗುರಾಗಿ ನಕ್ಕದ್ದನ್ನು ಚಲಪತಿ ಕಂಡಿರಲಿಲ್ಲ. ನಡುಗುವ ಕೈಯನ್ನು ತೊಡೆಯ ಕೆಳಗಿನಿಂದ ತೆಗೆದು ಅವನು ಚಲಪತಿಯ ಭುಜದ ಮೇಲಿಟ್ಟ.

"ಲೇ ಚಲಪತಿ, ಇದನ್ನ ನಾಳೆ ಮರ್ತೋಗ್ತೀನಿ ಕಣ್ಲಾ. ನಾಳೇನೂ ಬಂದು ಏಳ್ತೀಯಾ?"

ಮಾರನೆಯ ಬೆಳಗ್ಗೆ ಹಾಲು ಹಾಕಿ ಮುಗಿಸಿ ಚಲಪತಿ ಆ ಮನೆಯ ಮುಂದೆ ನಿಂತ. ಒಳಗೆ ಗಂಗರತ್ನಮ್ಮ ಒಲೆ ಹೊತ್ತಿಸಿದ್ದಳು. ಆಂಜನಪ್ಪ ಹೊಸ್ತಿಲ ಮೇಲೆ ಕೂತು, ನಲ್ಲಿಯ ಕಡೆಗೆ ಕಳ್ಳನೋಟ ಹಾಕಿ, ದನಿ ತಗ್ಗಿಸಿ ಕೇಳಿದ.

"ಬಂದ್ಯಾ? ಲೇ, ನಿಜ ಏಳು, ನಾನು ಕುಡೀತಿದ್ನಾ?"

ಚಲಪತಿ ಅವನ ಪಕ್ಕದಲ್ಲಿ ಕೂತು ಮೊದಲಿಂದ ಶುರುಮಾಡಿದ.