ಮಲಗಲೊಲ್ಲದ ಪಟ್ಟದ ರಾಜ

ಸುಬ್ಬರಾಮಯ್ಯನವರ ಅರಸೀಕೆರೆ ಜಂಕ್ಷನ್ನಿಗೆ ಅರಸೀಕೆರೆಯಲ್ಲೇ ಜಾಗವಿರಲಿಲ್ಲ. ರಟ್ಟಿನ ಪ್ಲಾಟ್‌ಫಾರಂ, ತೆಂಗಿನಕಡ್ಡಿಯ ಹಳಿ, ಬೆಂಕಿಪೊಟ್ಟಣದ ಬೋಗಿಗಳು. ಊಟದ ಮೇಜಿನ ಮೇಲಿಟ್ಟರೆ ಸಾರಿನ ಪಾತ್ರೆ ಬಂತು, ಮಂಚದ ಕೆಳಗಿಟ್ಟರೆ ಪೊರಕೆ ಬಂತು, ಮಹಡಿಯ ಮೇಲಿಟ್ಟರೆ ಕೋತಿ ಬಂತು. ತಾಲ್ಲೂಕು ಕಚೇರಿಯ ಗುಮಾಸ್ತರಾದ ಅವರಿಗೆ ಊರವರ ಪಹಣಿಯೆಲ್ಲ ಬಾಯಿಪಾಠ. ಸ್ವಂತ ಮನೆಯಲ್ಲಿ ಮಾತ್ರ ಒಂದು ಚಾಪೆಯಗಲದ ನೆಲವೂ ಅವರದಲ್ಲ. ಹಳೇಬೀಡಿಗೆ ನಿಜದ ರೈಲು ಹೋಗುವುದಿಲ್ಲವಲ್ಲ, ತಮ್ಮ ಜಂಕ್ಷನ್ನಿನಿಂದಾದರೂ ಅಲ್ಲಿಗೊಂದು ಹಳಿ ಎಳೆದೇ ತೀರಬೇಕು ಎಂಬುದು ಅವರ ಬಹುಕಾಲದ ಆಸೆ.

ದಸರೆಗೆ ಹೆಂಡತಿ ರಂಗನಾಯಕಿ ಗೊಂಬೆ ಕೂರಿಸುವಾಗ ದಾರಿ ಕಂಡಿತು. ಗೊಂಬೆಯ ಮೆಟ್ಟಿಲುಗಳ ಮುಂದೆ ನೆಲದಲ್ಲಿ ಪಾರ್ಕು, ಹಳ್ಳಿ ಮಾಡಿಡುವುದು ರೂಢಿ.

"ಈ ಸಲ ಅಲ್ಲಿ ರೈಲು ಇಡೋಣ ಕಣೇ" ಎಂದರು.

"ಹಬ್ಬ ಮುಗಿಯೋವರೆಗೆ ಮಾತ್ರ. ಆಮೇಲೆ ಅಟ್ಟಕ್ಕೆ" ಎಂದರು ರಂಗನಾಯಕಿ. ಅವರು ಸ್ಕೂಲು ಮೇಡಂ, ಮಾತಿನಲ್ಲಿ ಕಟ್ಟುನಿಟ್ಟು.

ಸುಬ್ಬರಾಮಯ್ಯನವರು ರಜೆ ಹಾಕಿ ನಡುಮನೆಯಲ್ಲಿ ಅಂಗಾತ, ಬೋರಲು ಮಲಗಿ ಹಳಿ ಎಳೆದರು. ಹಳೇಬೀಡು ಸ್ಟೇಷನ್ನಿನ ಗೋಡೆ ಎದ್ದಿತು. ಇನ್ನೇನು ಚಾವಣಿ ಹಾಕಬೇಕು ಎನ್ನುವಷ್ಟರಲ್ಲಿ ಹಾಳು ವಿಜಯದಶಮಿ ಬಂದೇಬಿಟ್ಟಿತು.

ಅವತ್ತು ಪಟ್ಟದ ಗೊಂಬೆಗಳಲ್ಲಿ ರಾಜನನ್ನು ಮಲಗಿಸಿದರೆ ಹಬ್ಬ ಮುಗಿದ ಹಾಗೆ, ಮರುದಿನ ಗೊಂಬೆಗಳೆಲ್ಲ ಪೆಟ್ಟಿಗೆಗೆ. ಆರತಿಯಾದ ಮೇಲೆ ರಂಗನಾಯಕಿ ರಾಜನನ್ನು ಮಲಗಿಸಿದರು. ಬೆಳಗಾಗುವಷ್ಟರಲ್ಲಿ ರಾಜ ಎದ್ದು ನಿಂತಿದ್ದ. ಎಬ್ಬಿಸಿದವರು ಯಾರೆಂದು ಬೇರೆ ಹೇಳಬೇಕೆ?

"ನಾನೇ ಮಲಗಿಸಿದ್ನಲ್ರೀ!"

"ದೇವರ ಇಚ್ಛೆ ಕಣೇ. ರಾಜ ಮಲಗದೆ ಗೊಂಬೆ ಎತ್ತಬಾರದು."

ರಂಗನಾಯಕಿ ರಾಜನ ಸೊಂಟಕ್ಕೆ ಅಂಟಿದ್ದ ರೈಲಿನ ಗೋಂದನ್ನು ಉಗುರಿನಿಂದ ಕೆರೆದು, ಗಂಡನ ಮುಖ ನೋಡಿದರು. "ಸರಿ, ಹಬ್ಬ ನಡೀಲಿ. ಆದ್ರೆ ದೇವರು ಹೇಳಿರೋದು ನಿಮಗೆ. ಇನ್ಮೇಲೆ ದೀಪ, ಆರತಿ, ಉಸ್ಲಿ ಎಲ್ಲಾ ನಿಮ್ಮದೇ."

ಮಾಡಿದ್ದುಣ್ಣೋ ಮಹಾರಾಯ! ರಜೆ ಮುಗಿದಿತ್ತು. ಬೆಳಿಗ್ಗೆ ಕಡಲೆ ನೆನೆಹಾಕಿ ಕಚೇರಿಗೆ ಓಡಬೇಕು, ಸಂಜೆ ಬಂದು ಬೇಯಿಸಿ ಒಗ್ಗರಣೆ ಕೊಡಬೇಕು, ತೆಂಗಿನಕಾಯಿ ತುರಿಯಬೇಕು, ಆರತಿ ಎತ್ತಬೇಕು. ಊರಿನ ಬೇರೆಲ್ಲ ಗೊಂಬೆಗಳು ಪೆಟ್ಟಿಗೆ ಸೇರಿದ್ದರಿಂದ "ಗೊಂಬೆ ಕೂರ್ಸಿದೀರಾ?" ಎನ್ನುತ್ತ ಇಡೀ ಬಡಾವಣೆಯ ಮಕ್ಕಳು ಇವರ ಮನೆಗೇ ಬಂದರು. ಉಸ್ಲಿ ತಿಂದ ಕೈಯಲ್ಲೇ ರೈಲು ಎಳೆದರು. ಜಂಕ್ಷನ್ನು ಕಣ್ಣೆದುರಿಗೇ ಇತ್ತು, ಬಣ್ಣದ ಬ್ರಷ್ ಮುಟ್ಟಲು ಪುರುಸೊತ್ತಿರಲಿಲ್ಲ. ಜಾಗ ಸಿಕ್ಕಿದ ದಿನವೇ ಹೊತ್ತು ಕೈಬಿಟ್ಟಿತ್ತು.

ರಂಗನಾಯಕಿ ಮಾತ್ರ ಗಂಡನ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮದುವೆಗೆ ಮುಂಚೆ ಶುರುಮಾಡಿ ಅರ್ಧಕ್ಕೇ ಟ್ರಂಕಿಗೆ ಸೇರಿಸಿದ್ದ ಮಣಿಯ ತೋರಣ ಹೊರಗೆ ಬಂದಿತ್ತು. ಒಂದೊಂದೇ ಮಣಿ ಪೋಣಿಸುತ್ತ, ಏನೋ ಗುನುಗುತ್ತ, "ರೀ, ಉಪ್ಪು ಕಡಿಮೆ ಆಗಿದೆ" ಎಂದರು.

ಸುಬ್ಬರಾಮಯ್ಯನವರು ಕೊನೆಗೂ ಸೋತರು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಚಾವಣಿಯಿಲ್ಲದ ಹಳೇಬೀಡನ್ನು ಒಮ್ಮೆ ಸವರಿದರು. ಅಟ್ಟಕ್ಕೆ ಹೋದದ್ದು ಮುಂದಿನ ದಸರೆಯವರೆಗೆ ಇಳಿಯುವುದಿಲ್ಲ. ಆದರೂ ತಮ್ಮ ಕೈಯಾರೆ ರಾಜನನ್ನು ಮಲಗಿಸಿ, ತಾವೂ ನೆಮ್ಮದಿಯಿಂದ ಮಲಗಿದರು.

ಬೆಳಿಗ್ಗೆ ನೋಡುತ್ತಾರೆ, ರಾಜ ಎದ್ದು ನಿಂತಿದ್ದಾನೆ! ಕಾಲ ಬಳಿ ಒಂದು ನೀಲಿ ಮಣಿ ಬಿದ್ದಿತ್ತು.

"ನಾನೇ ಮಲಗಿಸಿದ್ನಲ್ಲೇ!"

"ದೇವರ ಇಚ್ಛೆ ಕಣ್ರೀ" ಎಂದರು ರಂಗನಾಯಕಿ, ಸೂಜಿಯಿಂದ ಕಣ್ಣು ತೆಗೆಯದೆ. "ತೋರಣದಲ್ಲಿ ಇನ್ನೂ ಎರಡು ಗಿಳಿ ಬಾಕಿ ಇವೆ. ಕಡಲೆ ನೆನೆಹಾಕಿದ್ರಾ?"

ಸುಬ್ಬರಾಮಯ್ಯನವರು ನೀಲಿ ಮಣಿಯನ್ನು ಹೆಂಡತಿಯ ಅಂಗೈಗೆ ಹಾಕಿ, ಕಡಲೆಯ ಡಬ್ಬ ಹುಡುಕಲು ಅಡಿಗೆಮನೆಗೆ ಹೋದರು.