ಹೊಲಿದಿಟ್ಟ ಕೊನೆ

ಆನೇಮಹಲ್ ಹತ್ತಿರದ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹೆಂಗಸರಿಗೆ ಉದ್ದನೆಯದೊಂದು ಮೇಜು. ಕರಿ ಬೀಜ ಒಂದು ಕಡೆ, ಒಡಕು ಇನ್ನೊಂದು ಕಡೆ, ಒಳ್ಳೆಯದು ಮುಂದಕ್ಕೆ. ಕೆಲಸವೆಲ್ಲ ಕಣ್ಣಿಗೂ ಕೈಗೂ. ಬಾಯಿಗೂ ಕಿವಿಗೂ ರಜೆ. ನಾಲ್ಕು ಹೆಂಗಸರು ಸೇರಿದರೆ ಅತ್ತೆ ಸೊಸೆ ಸುದ್ದಿಯೇ ಎನ್ನುವವರು ಒಮ್ಮೆ ಇಲ್ಲಿಗೆ ಬಂದು ಕೇಳಬೇಕು. ಸೋಮವಾರ ಬೆಳಿಗ್ಗೆ ಈ ಮೇಜಿನ ಮೊದಲ ಮಾತೇ, "ಏನೇ ಓದ್ತಿದ್ದೀಯ ಈಗ?" ನಂಬದಿದ್ದರೆ ಬಿಡಿ, ನನಗೇನು.

ಹಾಸನಕ್ಕೆ ಹೋದವರು ಹಳೇ ಪುಸ್ತಕದ ಅಂಗಡಿಯಿಂದ ಒಂದೆರಡು ಕಾದಂಬರಿ ಹಿಡಿದುಕೊಂಡು ಬರುತ್ತಿದ್ದರು. ಅವು ಕೈಯಿಂದ ಕೈಗೆ ದಾಟುತ್ತಿದ್ದವು. ಪುಸ್ತಕ ಹೇಗಿದೆ ಎಂದು ಹೇಳುವುದಕ್ಕೆ ಅವರದ್ದೇ ಅಳತೆಯಿತ್ತು. ಓದಿ ಅತ್ತಾಗ ಎಷ್ಟು ಸೆರಗು ಒದ್ದೆಯಾಗುತ್ತದೆ ಎಂಬುದೇ ಲೆಕ್ಕ. "ಇದು ಅರ್ಧ ಸೆರಗಿಂದು ಕಣೆ, ಬಸ್ಸಲ್ಲೇ ಓದ್ಬೋದು" ಎಂದರೆ ಸಾಧಾರಣ. "ಎರಡು ಸೆರಗಿಂದು, ಗಂಡ ಮಕ್ಕಳು ಇಲ್ದಾಗ ಓದು" ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ತೊಂದರೆಯಿದ್ದದ್ದು ಮಾದೇವಮ್ಮನಿಂದ. ಯಾವ ಪುಸ್ತಕ ಸಿಕ್ಕಿದರೂ ಆಕೆ ಮೊದಲು ಓದುವುದು ಕೊನೇ ಪಾಠ. ಓದಿದ್ದು ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ಉಳಿದವರು ಅರ್ಧ ಪುಸ್ತಕದಲ್ಲಿರುವಾಗ, "ಅಯ್ಯೋ ಪಾಪ, ಅವನು ಕೊನೇಗೆ ಸತ್ತೋಯ್ತಾನೆ ಕಣ್ರೇ" ಎಂದುಬಿಡುವಳು. ಬೈದರು, ಬೇಡಿಕೊಂಡರು, ಉಪಯೋಗವಾಗಲಿಲ್ಲ. ಕೊನೆಗೆ ಉಪಾಯ ಕಂಡುಹಿಡಿದವಳು ಸುಚಿತ್ರಾ. ಗೋಣಿಚೀಲದ ಬಾಯಿ ಹೊಲಿಯುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೂಜಿ ದಾರ ತೆಗೆದು, ಕೊನೇ ಪಾಠದ ಹಾಳೆಗಳನ್ನೆಲ್ಲ ಸೇರಿಸಿ ಅಂಚಿಗೆ ನಾಲ್ಕು ಹೊಲಿಗೆ ಹಾಕಿ ಗಂಟು ಬಿಗಿದಳು. "ತಗಾ ಮಾದೇವಕ್ಕ. ಓದ್ತಾ ಓದ್ತಾ ಇಲ್ಲಿಗೆ ಬಂದ್ಮೇಲೆ ಕತ್ತರಿಸ್ಕೊ. ಅದಕ್ಕೆ ಮೊದ್ಲು ಬಿಚ್ಚಿದ್ರೆ ನಮಗೆ ಗೊತ್ತಾಯ್ತದೆ." ಮೇಜಿಗೆ ಮೇಜೇ ನಕ್ಕಿತು. ಅಂದಿನಿಂದ ಅದೇ ಪದ್ಧತಿಯಾಯಿತು. ಓದಿ ಮುಗಿಸಿದವಳು ಕೊನೆ ಹೊಲಿದೇ ಮುಂದಿನವಳಿಗೆ ಕೊಡಬೇಕು.

ವಸಂತ ದಿನಾ ಆಲೂರಿನಿಂದ ಬಸ್ಸು ಹತ್ತಿ ಬಂದು ಸುಚಿತ್ರಾಳ ಪಕ್ಕದಲ್ಲೇ ಕೂರುತ್ತಿದ್ದವಳು. ಇಬ್ಬರ ಸ್ನೇಹ ಎಷ್ಟು ಹಳೆಯದೆಂದರೆ, ಒಬ್ಬಳ ಡಬ್ಬಿಯ ಪಲ್ಯದ ಉಪ್ಪು ಇನ್ನೊಬ್ಬಳಿಗೆ ಮುಚ್ಚಳ ತೆಗೆಯುವ ಮೊದಲೇ ಗೊತ್ತು. ಸುಚಿತ್ರಾ ಗಂಡ ತೀರಿಕೊಂಡ ಮೇಲೆ ಆನೇಮಹಲ್‌ನಲ್ಲೇ ಬಾಡಿಗೆ ಮನೆ ಹಿಡಿದು ಮಗಳು ಚೈತ್ರಶ್ರೀಯನ್ನು ಓದಿಸುತ್ತಿದ್ದಳು. ಎರಡು ಸೆರಗಿನ ಪುಸ್ತಕಗಳೆಂದರೆ ಆಕೆಗೆ ಪ್ರಾಣ. "ನಮ್ಮ ಗೋಳಿಗೆ ಅಳಾಕೆ ಕೂತ್ರೆ ಜನ ಆಡ್ಕತಾರೆ. ಪುಸ್ತಕ ಹಿಡ್ಕಂಡು ಅತ್ರೆ ಯಾರೂ ಏನೂ ಕೇಳಲ್ಲ, ಅಲ್ವೇನೇ?" ಎನ್ನುವಳು.

ಮಾಘ ಕಳೆಯುವ ಹೊತ್ತಿಗೆ ಸುಚಿತ್ರಾಳಿಗೆ ಹೊಟ್ಟೆನೋವು ಶುರುವಾಯಿತು. ಸ್ವಲ್ಪ ದಿನ ತವರಲ್ಲಿದ್ದು ಬರುತ್ತೇನೆಂದು ವನಗೂರಿನ ಕಡೆಗೆ ಹೊರಟಳು. ಹೊರಡುವ ದಿನ ವಸಂತ ತನ್ನ ಪ್ರೀತಿಯ ಪುಸ್ತಕವನ್ನು ಆಕೆಯ ಚೀಲಕ್ಕೆ ತುರುಕಿದಳು. ರಟ್ಟು ಹೋಗಿ ಹೆಸರೇ ಇಲ್ಲದ ಪುಸ್ತಕ ಅದು. ಗಂಗಿ ಅಂತ ಒಬ್ಬಳು ಹೊಳೆಯಲ್ಲಿ ದೋಣಿ ಹಾಕಿ ಜನರನ್ನು ದಾಟಿಸುವ ಕಥೆ.

"ಎಷ್ಟು ಸೆರಗೇ?" ಎಂದಳು ಸುಚಿತ್ರಾ.

"ಸೆರಗೆಲ್ಲಿ ಸಾಲ್ತದೆ, ಕಂಬಳಿ ತಗಂಡು ಕೂತ್ಕೊ. ಕೊನೆ ಐತಲ್ಲ ಕಣೆ, ಅಂಥ ಕೊನೆ ನಾನು ಎಲ್ಲೂ ಓದಿಲ್ಲ. ಹೊಲ್ದಿದ್ದೀನಿ, ಮಾದೇವಕ್ಕನ ಹಂಗೆ ಮೊದ್ಲೇ ಬಿಚ್ಬುಟ್ಟೀಯ!"

ನಗುತ್ತಾ ಬಸ್ಸು ಹತ್ತಿಸಿದಳು. ಎಂಥ ಪುಸ್ತಕ ಕೊಟ್ಟೆನೆಂದು ವಸಂತಳಿಗೆ ಆಗ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ. ವಸಂತಳನ್ನು ಹುಡುಕಿಕೊಂಡು ಹಾಸನದ ಬಸ್ಸಿನಿಂದ ಚೈತ್ರಶ್ರೀ ಇಳಿದಳು. ಹುಡುಗಿಯ ಮುಖ ಬಾಡಿತ್ತು, ಕೈಯಲ್ಲಿ ಆಸ್ಪತ್ರೆಯ ದೊಡ್ಡ ಕವರು. ವಸಂತಳನ್ನು ಕಂಡದ್ದೇ ತಡ, ಕಟ್ಟೆಯೊಡೆದಂತೆ ಅತ್ತುಬಿಟ್ಟಳು.

"ಗರ್ಭಕೋಶದ ಕ್ಯಾನ್ಸರ್ ಅಂತೆ ಚಿಕ್ಕಮ್ಮ. ಎಲ್ಲಾ ಕಡೆ ಹರಡ್ಕಂಡೈತಂತೆ. ಇನ್ನೇನೂ ಮಾಡಕ್ಕಾಗಲ್ಲ, ಮನೇಲಿ ಚೆನ್ನಾಗಿ ನೋಡ್ಕಳಿ ಅಂದ್ಬುಟ್ರು ಡಾಕ್ಟ್ರು. ಅವ್ವಂಗೆ ಹೇಳಿಲ್ಲ. ಹೇಳಿದ್ರೆ ಧೈರ್ಯ ಕೆಡ್ತಾಳೆ, ಯಾರೂ ಬಾಯಿ ಬಿಡ್ಬೇಡಿ ಅಂತ ಅಜ್ಜಿ ಆಣೆ ಹಾಕವ್ರೆ."

ವಸಂತ ಹುಡುಗಿಯನ್ನು ತಬ್ಬಿಕೊಂಡು ನಿಂತಳು. ಸಮಾಧಾನದ ಮಾತು ನಾಲಿಗೆಗೆ ಬರುವ ಮೊದಲೇ ಆ ಪುಸ್ತಕ ನೆನಪಾಯಿತು. ಗಂಗಿಯೂ ಕೊನೆಯಲ್ಲಿ ಕಾಯಿಲೆ ಬಿದ್ದು ಮಲಗುತ್ತಾಳೆ. ಆಚೆ ದಡದ ಊರಿಂದ ತಂಗಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಾರೆ. ನಾನಿನ್ನು ಉಳಿಯಲ್ಲ ಎನ್ನುತ್ತಾಳೆ ಗಂಗಿ. ಹೌದು ಅಕ್ಕ ಎನ್ನುತ್ತಾಳೆ ತಂಗಿ. ದೋಣಿ ಯಾರಿಗೆ, ಹುಟ್ಟು ಯಾರಿಗೆ ಎಂದು ಹೇಳಬೇಕಾದದ್ದನ್ನೆಲ್ಲ ಹೇಳಿ, ಹಗುರಾಗಿ, ಗಂಗಿ ಕಣ್ಣು ಮುಚ್ಚುತ್ತಾಳೆ. ಅಲ್ಲ, ಸಾಯಲು ಮಲಗಿದವಳ ಕೈಗೆ ಯಾರಾದರೂ ಸಾವಿನ ಕಥೆ ಕೊಡುತ್ತಾರೆಯೇ! ವಸಂತ ತನ್ನ ಕೈಯನ್ನೇ ಶಪಿಸಿಕೊಂಡಳು. ಆ ಹೊಲಿಗೆ ಬಿಚ್ಚುವ ಮೊದಲು ಪುಸ್ತಕ ವಾಪಸು ತರಬೇಕು, ಅಷ್ಟೇ. ಉಳಿದದ್ದೆಲ್ಲ ಆಮೇಲೆ.

ಭಾನುವಾರದವರೆಗೂ ಕಾಯಲಿಲ್ಲ. ಮಾರನೇ ದಿನವೇ ಕೆಲಸಕ್ಕೆ ಚಕ್ಕರ್ ಹೊಡೆದು ಸಕಲೇಶಪುರದಲ್ಲಿ ಬಸ್ಸು ಬದಲಿಸಿ, ಆಮೇಲೆ ಜೀಪು ಹತ್ತಿದಳು. ಹಿಂದಿನ ವಾರ ಹೂಮಳೆ ಬಿದ್ದು ದಾರಿಯ ಎರಡೂ ಕಡೆ ಕಾಫಿ ಬೆಳ್ಳಗೆ ಅರಳಿ ನಿಂತಿತ್ತು. ಆ ಪರಿಮಳಕ್ಕೆ ಜೀಪಿನಲ್ಲಿದ್ದವರೆಲ್ಲ ಖುಷಿಪಟ್ಟರು. ವಸಂತ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಸುಚಿತ್ರಾಳ ತಾಯಿ ಮೀನಾಕ್ಷಮ್ಮ ಅಂಗಳದಲ್ಲೇ ತಡೆದರು. "ಒಳಗೆ ಹೋಗಿ ಮುಖ ಸಣ್ಣ ಮಾಡ್ಕಂಡು ಕೂರ್ಬೇಡ ಕಣವ್ವ. ಸೆರಗೊಡ್ಡಿ ಕೇಳ್ಕತೀನಿ. ಅವಳ ಮುಂದೆ ನಾವ್ಯಾರೂ ಕಣ್ಣೀರು ಹಾಕಿಲ್ಲ. ಬರೀ ಗ್ಯಾಸ್ಟ್ರಿಕ್ಕು, ಯುಗಾದಿ ಹೊತ್ಗೆ ಎದ್ದು ಓಡಾಡ್ತೀಯ ಅಂತ್ಲೇ ಹೇಳಿದ್ದೀವಿ." ವಸಂತ ಆಗಲಿ ಎಂದು ತಲೆಯಾಡಿಸಿ ಒಳಗೆ ಹೋದಳು.

ಗೋಣಿ ಹೊಲಿಯುತ್ತಿದ್ದ ಆ ಗಟ್ಟಿ ತೋಳು ಎಲ್ಲಿ ಹೋಯಿತು! ಮಂಚದ ಮೇಲೆ ಕಣ್ಣೆರಡೇ ಉಳಿದಿದ್ದವು. ಆ ಕಣ್ಣುಗಳು ವಸಂತಳನ್ನು ಕಂಡು ಅರಳಿದವು.

"ಬಂದ್ಯೇನೇ! ಬತ್ತೀಯ ಅಂತ ಗೊತ್ತಿತ್ತು ನಂಗೆ. ಮೇಜಲ್ಲೆಲ್ಲ ಏನು ಓದ್ತಾವ್ರೆ?"

"ಏನು ಓದ್ತಾರೆ, ನೀನಿಲ್ದೆ ಎಲ್ಲಾ ಸಪ್ಪೆ" ಎಂದು ವಸಂತ ನಕ್ಕಳು. ನಗು ಮುಖದ ಮೇಲೆ ಅಂಟಿಸಿದ ಹಾಗಿತ್ತು. ಕಣ್ಣು ಪುಸ್ತಕವನ್ನು ಹುಡುಕುತ್ತಿತ್ತು. ದಿಂಬಿನ ಪಕ್ಕದಲ್ಲೇ ಇತ್ತು. ಎತ್ತಿಕೊಂಡು ಕೊನೆಯನ್ನು ಮುಟ್ಟಿ ನೋಡಿದಳು. ನಾಲ್ಕು ಹೊಲಿಗೆ, ಗಂಟು, ಎಲ್ಲ ಹಾಗೇ ಇದ್ದವು. ಸದ್ಯ! ಹೋದ ಜೀವ ಬಂದಂತಾಯಿತು.

"ಅಲ್ಲೀಗಂಟ ಓದಿದ್ದೀನಿ ಕಣೆ, ಗಂಗಿ ಕಾಯಿಲೆ ಬಿದ್ದವಳೆ" ಎಂದಳು ಸುಚಿತ್ರಾ. "ಕೊನೆ ನೀನೇ ಓದಿ ಹೇಳು. ನಿಂಗೋಸ್ಕರ ಇಟ್ಕಂಡಿದ್ದೀನಿ. ತಗಾ ಬ್ಲೇಡು."

"ಈಗ್ಯಾಕೆ, ಸುಸ್ತಾಯ್ತದೆ..."

"ಓದೇ. ಕಾಯ್ತಾ ಇದ್ದೆ."

ಬಿಡುವ ಹಾಗಿರಲಿಲ್ಲ. ವಸಂತ ದಾರ ಕತ್ತರಿಸಿದಳು. ಕಣ್ಣ ಮುಂದಿನ ಸಾಲುಗಳು ಅವಳಿಗೆ ಬಾಯಿಪಾಠ. ತಂಗಿ ಬಂದಳು, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿಯವರೆಗೆ ಇದ್ದದ್ದನ್ನೇ ಓದಿದಳು. ಮುಂದಿನ ಸಾಲಿನಲ್ಲಿ ಗಂಗಿಯ ಸಾವಿನ ಮಾತು. ಒಮ್ಮೆ ಕೆಮ್ಮಿ, ಕಣ್ಣನ್ನು ಹಾಳೆಯ ಮೇಲೇ ಇಟ್ಟು, ಬಾಯಿಗೆ ಬಂದದ್ದನ್ನು ಓದತೊಡಗಿದಳು. ತಂಗಿ ಘಟ್ಟದ ಕೆಳಗಿಂದ ಒಬ್ಬ ಪಂಡಿತನನ್ನು ಕರೆತಂದಿದ್ದಳಂತೆ. ಅವನು ಬೇರು ಅರೆದು ಕುಡಿಸಿದನಂತೆ. ಮೂರನೇ ದಿನಕ್ಕೆ ಗಂಗಿ ಎದ್ದು ಕೂತಳಂತೆ, ಗಂಜಿ ಕೇಳಿದಳಂತೆ, ಹೊಳೆಯ ನೀರು ಇಳಿದ ಮೇಲೆ ಮತ್ತೆ ದೋಣಿ ಹಾಕಿದಳಂತೆ. ಎಷ್ಟು ಸರಾಗವಾಗಿ ಬಂತೆಂದರೆ ವಸಂತಳಿಗೇ ಆಶ್ಚರ್ಯವಾಯಿತು.

ಓದಿ ಮುಗಿಯಿತು. ಸುಚಿತ್ರಾ ವಸಂತಳ ಮುಖವನ್ನೇ ನೋಡುತ್ತಿದ್ದಳು.

"ಎದ್ಲಾ ಗಂಗಿ?"

"ಹೂಂ ಕಣೆ, ಎದ್ಲು."

"ಅಕ್ಕ ತಂಗಿ ಇಬ್ರೂ ಏನೂ ಮಾತಾಡ್ಕಳ್ಳಿಲ್ವಾ? ಅಳ್ಲಿಲ್ವಾ?"

"ಅಳಾದ್ಯಾಕೆ? ಹುಷಾರಾದ್ಲಲ್ಲ!"

"ಹಂಗಾ" ಎಂದಳು ಸುಚಿತ್ರಾ. "ಒಳ್ಳೇದಾಯ್ತು ಬಿಡು." ಆಮೇಲೆ ಗೋಡೆಯ ಕಡೆಗೆ ಹೊರಳಿದಳು. ಸುಸ್ತಾಗಿದೆ ಎಂದುಕೊಂಡಳು ವಸಂತ. ಹೊದಿಕೆ ಸರಿಮಾಡಿ, ಮಾದೇವಕ್ಕ ಕಾಯುತ್ತಿದ್ದಾಳೆಂದು ನೆಪ ಹೇಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಜೀಪಿನಲ್ಲಿ ಇಳಿಯುವಾಗ ಅಳು ಬಂದರೂ ಒಳಗೊಳಗೇ ಒಂದು ಸಮಾಧಾನವಿತ್ತು. ಗೆಳತಿಯ ಧೈರ್ಯ ಕೆಡದಂತೆ ಕಾಪಾಡಿದೆ ಎಂಬ ಸಮಾಧಾನ.

ಯುಗಾದಿಗೆ ಮೊದಲೇ ಸುಚಿತ್ರಾ ಹೋಗಿಬಿಟ್ಟಳು.

ತಿಥಿಯೆಲ್ಲ ಮುಗಿದ ಮೇಲೆ ಚೈತ್ರಶ್ರೀ ಆನೇಮಹಲ್‌ನ ಬಾಡಿಗೆ ಮನೆ ಖಾಲಿ ಮಾಡಲು ಬಂದಳು. ಪಾತ್ರೆಪಗಡೆ ಕಟ್ಟಲು ವಸಂತಳೂ ಹೋದಳು. ಅಂದು ಪುಸ್ತಕ ಆಕೆಯ ಚೀಲದಲ್ಲೇ ಇತ್ತು. ಮಾದೇವಮ್ಮ ಕೇಳಿ ಕೇಳಿ ಸಾಕಾಗಿ, ಹೊಲಿದು ಕೊಟ್ಟರಾಯಿತು ಎಂದು ತಂದಿದ್ದಳು. ಹೊಲಿಯಲೆಂದು ಅದನ್ನು ಚೀಲದಿಂದ ತೆಗೆದದ್ದನ್ನು ಹುಡುಗಿ ನೋಡಿದಳು.

"ಈ ಪುಸ್ತಕನಾ" ಎಂದಳು. "ಅವ್ವ ಇದನ್ನ ಹಾಸಿಗೇಲಿ ಕೂತ್ಕಂಡು ಹೊಲಿದಿದ್ಲು ಚಿಕ್ಕಮ್ಮ. ಕೈ ನಡುಗ್ತಿತ್ತು, ನಾನು ಹೊಲ್ದು ಕೊಡ್ತೀನಿ ಅಂದ್ರೂ ಕೊಡ್ಲಿಲ್ಲ."

"ಹೊಲಿದಿದ್ಲಾ? ಅದು ನಾನು ಹೊಲ್ದಿದ್ದಲ್ವಾ?"

ವಸಂತ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಾಳೆಯ ಅಂಚಿನಲ್ಲಿ ತಾನು ಚುಚ್ಚಿದ ತೂತುಗಳ ಪಕ್ಕದಲ್ಲೇ ಇನ್ನೊಂದು ಸಾಲು ತೂತು. ಕತ್ತರಿಸಿದ ದಾರದ ತುಂಡು ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು. ಅದರ ಗಂಟು ತನ್ನ ಉಂಡೆಗಟ್ಟಿದ ಗಂಟಲ್ಲ. ಸಣ್ಣದು, ಚಪ್ಪಟೆ, ಗೋಣಿಚೀಲದ ಬಾಯಿಗೆ ಸುಚಿತ್ರಾ ಹಾಕುತ್ತಿದ್ದ ಗಂಟು.

"ಬಂದ ವಾರದಲ್ಲೇ ಪೂರ್ತಿ ಓದ್ಬುಟ್ಟಿದ್ಲಂತೆ" ಎಂದಳು ಹುಡುಗಿ. "ಕಾಯಿಲೆ ವಿಷ್ಯನೂ ಅವ್ವಂಗೆ ಗೊತ್ತಿತ್ತು. ನಾವೆಲ್ಲ ನಗ್ತಾ ಇದ್ವಲ್ಲ, ನಮಗೋಸ್ಕರ ಅವಳೂ ನಗ್ತಾ ಇದ್ಲು. ಕೊನೇಲಿ ನಂಗೆ ಹೇಳಿದ್ಲು. 'ಈ ಮನೇಲಿ ಯಾರೂ ನನ್ನ ಅಳಾಕೆ ಬಿಡಲ್ಲ ಕಣೆ. ವಸಂತನ ಕೈಲಿ ಆ ಕೊನೆ ಓದ್ಸಿದ್ರೆ, ಓದ್ತಾ ಓದ್ತಾ ಅವಳು ಅಳ್ತಾಳೆ, ನಾನೂ ಅವಳನ್ನ ತಬ್ಕಂಡು ಒಂದ್ಸಲ ಅತ್ಬುಡ್ತೀನಿ, ಹೇಳಾದೆಲ್ಲ ಹೇಳ್ಬುಡ್ತೀನಿ ಅಂತ ಮತ್ತೆ ಹೊಲ್ದಿಟ್ಟಿದ್ದೆ' ಅಂದ್ಲು."

"ಏನು ಹೇಳ್ಬೇಕು ಅಂತಿದ್ಲು?" ಎಂದಳು ವಸಂತ.

"ಅದು ನಂಗೆ ಹೇಳ್ಲಿಲ್ಲ. 'ಪಾಪ ವಸಂತ, ಎಷ್ಟು ಕಷ್ಟಪಟ್ಟು ಕಥೆ ಕಟ್ಟಿದ್ಲು' ಅಂದ್ಲು, ಅಷ್ಟೇ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಕ್ಕ ತಂಗಿ ಅಳಲಿಲ್ಲವೇ ಎಂದು ಸುಚಿತ್ರಾ ಕೇಳಿದಾಗಲೂ ಬಾಗಿಲು ತೆರೆದೇ ಇತ್ತಲ್ಲ! ತಾನೇ, ತನ್ನ ಈ ಬಾಯಿಂದಲೇ ಅದನ್ನು ಹಾಕಿ ಅಗುಳಿ ಜಡಿದು ಬಂದಳಲ್ಲ! ವಸಂತ ಗೋಡೆಗೆ ಒರಗಿ ಕೂತುಬಿಟ್ಟಳು. ಹುಡುಗಿ ನೀರು ತಂದುಕೊಟ್ಟಳು.

ಮರುದಿನ ಮೇಜಿನಲ್ಲಿ ಮಾದೇವಮ್ಮ ಕೈ ಚಾಚಿದಳು. ವಸಂತ ಪುಸ್ತಕ ಕೊಟ್ಟಳು. ಮಾದೇವಮ್ಮ ತಿರುವಿ ನೋಡಿ ಹುಬ್ಬೇರಿಸಿದಳು.

"ಇದೇನೇ, ಹೊಲ್ದೇ ಇಲ್ವಲ್ಲ! ಮರ್ತ್ಬುಟ್ಯಾ?"

"ಇಲ್ಲ ಮಾದೇವಕ್ಕ. ಕೊನೇನೇ ಮೊದ್ಲು ಓದು. ಗಟ್ಟಿಯಾಗಿ ಓದು, ನಮಗೆಲ್ಲ ಕೇಳಂಗೆ. ಇದ್ದದ್ದು ಇದ್ದಂಗೆ ಓದು, ಒಂದಕ್ಷರನೂ ಬದಲಾಯಿಸ್ಬೇಡ."

ಮಾದೇವಮ್ಮ ವಸಂತಳ ಮುಖ ನೋಡಿದಳು. ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡು ಕನ್ನಡಕ ಏರಿಸಿದಳು. ತಂಗಿ ದೋಣಿಯಿಂದಿಳಿದು ಬರುವಲ್ಲಿಂದ ಓದತೊಡಗಿದಳು. ನಾನಿನ್ನು ಉಳಿಯಲ್ಲ ಎಂದಳು ಗಂಗಿ. ಹೌದು ಅಕ್ಕ ಎಂದಳು ತಂಗಿ. ಬೀಜ ಆರಿಸುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಮೇಸ್ತ್ರಿ ಗದರಲು ಬಂದವನು, ಅಷ್ಟು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿರುವುದನ್ನು ಕಂಡು ಸುಮ್ಮನೆ ಹಿಂದಿರುಗಿದ.

ವಸಂತ ಸೆರಗು ಹಿಡಿಯಲಿಲ್ಲ. ಬಾಯಿ ಬಿಟ್ಟು ಗೊಳೋ ಎಂದು ಅತ್ತಳು. ಅಭ್ಯಾಸಬಲದಿಂದ ಅವಳ ಕೈ ಪಕ್ಕದ ಜಾಗಕ್ಕೆ ಚಾಚಿತು. ಅಲ್ಲಿ ಯಾರೂ ಕೂತಿರಲಿಲ್ಲ.