ಬರಿಹೊಟ್ಟೆಯ ಮಾತ್ರೆ

"ಮಲ ಯಾವ ಬಣ್ಣ ಇತ್ತು?" ಎಂದು ಡಾಕ್ಟರಮ್ಮ ಕೇಳಿದಾಗ ಟೈಲ್ಸ್ ಕೆಲಸದವನು ಆಸ್ಪತ್ರೆಯ ಮಂಚದ ಮೇಲಿಂದ ಹೆಂಡತಿಯ ಮುಖ ನೋಡಿದ. ಇಂಥದ್ದನ್ನೆಲ್ಲ ಬೇರೆ ಹೆಂಗಸಿನ ಮುಂದೆ ಹೇಳುವುದು ಹೇಗೆ?

"ಕಪ್ಪಗೆ, ಡಾಂಬರು ಇದ್ದ ಹಾಗೆ," ಎಂದು ಹೆಂಡತಿಯೇ ಹೇಳಿದಳು. "ನಂಗೂ ಹೇಳಿರ್ಲಿಲ್ಲ ಮೇಡಂ. ನಿನ್ನೆ ರಕ್ತ ವಾಂತಿ ಆದ್ಮೇಲೇ ಬಾಯಿ ಬಿಟ್ಟಿದ್ದು."

ಅವನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದ ಮಾತ್ರೆಯ ಸ್ಟ್ರಿಪ್ಪನ್ನು ಡಾಕ್ಟರಮ್ಮ ತಿರುಗಿಸಿ ನೋಡಿದರು. "ದಿನಾ ತಗೋತಿದ್ರಾ? ಊಟ ಆದ್ಮೇಲಾ?"

"ಬೆಳಿಗ್ಗೆ ಟೀ ಜೊತೆ," ಎಂದ ಅವನು. "ಬರಿಹೊಟ್ಟೇಲಿ."

ಹೊಟ್ಟೆ ತುಂಬಿಸಿಕೊಂಡು ಟೈಲ್ಸ್ ಕೂರಿಸಲು ಮಂಡಿಯೂರಿ ಬಗ್ಗಿದರೆ ತಿಂದದ್ದೆಲ್ಲ ಗಂಟಲಿಗೆ ಬರುತ್ತದೆ. ಅದಕ್ಕೇ ಅವನ ಜೊತೆ ಕೆಲಸ ಮಾಡುವ ಗುಂಪಿನಲ್ಲಿ ಮಧ್ಯಾಹ್ನದವರೆಗೆ ಯಾರೂ ಏನೂ ತಿನ್ನುವುದಿಲ್ಲ. ಬೆಳಿಗ್ಗೆ ಮೇಸ್ತ್ರಿ ಎಲ್ಲರಿಗೂ ಟೀ ಕೊಡಿಸಿ, ಅಂಗೈಗೆ ಒಂದೊಂದು ನೋವಿನ ಮಾತ್ರೆ ಹಾಕುತ್ತಾನೆ. ಎಂಥ ಧಾರಾಳಿ! ಆ ಧಾರಾಳಿ ಬೇರೆ ಯಾರೂ ಅಲ್ಲ, ಈ ಹೆಂಡತಿಯ ಒಡಹುಟ್ಟಿದ ಅಣ್ಣ. "ನಿನ್ನ ಗಂಡಂಗೆ ಮಾತ್ರ ಎರಡು ಕೊಡ್ತೀನಿ, ಜೇಬಿಗೂ ಒಂದು ಸ್ಟ್ರಿಪ್ ಹಾಕಿದೀನಿ ಕಣಮ್ಮ" ಎಂದಾಗ ಇವಳು ಹಿಗ್ಗಿದ್ದೂ ಉಂಟು. ಗಂಡ ಎದೆಯುರಿ ಎಂದರೆ ಸಾರಿಗೆ ಖಾರ ಕಡಿಮೆ ಮಾಡುತ್ತಿದ್ದಳು.

"ಹೊಟ್ಟೇಲಿ ಹುಣ್ಣಾಗಿ ರಕ್ತ ಸೋರಿದೆ," ಎಂದರು ಡಾಕ್ಟರಮ್ಮ. "ಕಿಡ್ನಿನೂ ನೋಡ್ಬೇಕು. ಇನ್ಮೇಲೆ ಈ ಜಾತಿ ಮಾತ್ರೆ ಒಂದೂ ಮುಟ್ಟಬೇಡಿ. ಇನ್ನೊಂದ್ಸಲ ಹೀಗಾದ್ರೆ ಉಳಿಸ್ತೀವಿ ಅಂತ ಹೇಳಕ್ಕಾಗಲ್ಲ."

ಮಧ್ಯಾಹ್ನ ಮೇಸ್ತ್ರಿ ಬಂದ. "ಏನ್ ಭಾವ, ಮೈಗಳ್ಳತನಕ್ಕೆ ಇದೇ ಜಾಗ ಸಿಕ್ತಾ?" ಎಂದು ತಾನೇ ನಕ್ಕ. ಸ್ಟೂಲಿನ ಮೇಲೆ ಕೂರುತ್ತ ಸೊಂಟ ಒತ್ತಿಕೊಂಡು "ಅಮ್ಮಾ" ಎಂದ. "ವಾರದಿಂದ ಹಿಡ್ಕೊಂಡ್ಬಿಟ್ಟಿದೆ ಕಣಮ್ಮ."

ತಂಗಿ ಸಿಟ್ಟಿನಿಂದಲೇ ಸ್ಟ್ರಿಪ್ಪನ್ನು ಅವನ ಮುಂದೆ ಹಿಡಿದಳು. "ತಗೋ. ನಿಂದೇ."

"ಅಯ್ಯೋ, ನಂಗೆ ಬೇಡಮ್ಮ. ಹೋದ ವರ್ಷ ಹೊಟ್ಟೇಲಿ ಹುಣ್ಣಾಗಿ, ಇದರ ತಂಟೆಗೇ ಹೋಗ್ಬೇಡ ಅಂದಿದ್ದಾರೆ ಡಾಕ್ಟ್ರು."

ಬಾಯಿ ಜಾರಿದ್ದು ಅವನಿಗೆ ಗೊತ್ತಾಗುವಷ್ಟರಲ್ಲಿ ಮಂಚದ ಮೇಲಿದ್ದವನು ಕಣ್ಣು ತೆರೆದಿದ್ದ.

"ನಿಂಗೆ ಗೊತ್ತಿತ್ತು," ಎಂದಳು ತಂಗಿ.

"ಎಲ್ರಿಗೂ ಹಾಗಾಗಲ್ಲ ಕಣೇ. ನನ್ನ ಹೊಟ್ಟೆ ಮೊದಲಿಂದ್ಲೂ ಸೂಕ್ಷ್ಮ. ಇವ್ನು ಗಟ್ಟಿ ಆಳು ಅಂತ..."

"ಇವತ್ತು ಬೆಳಿಗ್ಗೆನೂ ಹಂಚಿ ಬಂದ್ಯಾ?"

ಮೇಸ್ತ್ರಿ ಕಿಟಕಿಯ ಕಡೆ ನೋಡಿದ. "ಮನೆ ಕಟ್ಟಿಸಿದೋರು ಬೇಗ ಮುಗಿಸಿ ಕೀಲಿಕೈ ಕೊಡು ಅಂತಿದ್ದಾರೆ. ಎಲ್ರೂ ಮಂಡಿ ಹಿಡ್ಕೊಂಡು ಕೂತ್ರೆ ನೆಲ ಮುಗಿಸೋರು ಯಾರು?"

ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಅವನನ್ನು ಹೊಡೆಯಬೇಕು ಅನ್ನಿಸಿತು ಅವಳಿಗೆ, ಚಪ್ಪಲಿ ತೆಗೆದುಕೊಂಡು, ವಾರ್ಡಿನವರೆಲ್ಲ ನೋಡುತ್ತಿರುವಾಗಲೇ. "ಎದ್ದು ಹೋಗು," ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವನು ಫೋನು ಬಂದವನಂತೆ ಮೊಬೈಲನ್ನು ಕಿವಿಗೆ ಹಿಡಿದುಕೊಂಡು ಹೊರಗೆ ಹೋದ.

ಅವಳು ಮಂಚದ ಕೆಳಗೆ ನೀರು ಹಾಕಿಟ್ಟಿದ್ದ ಬೇಸಿನ್ನನ್ನು ಎಳೆದು, ಸ್ಟ್ರಿಪ್ಪಿನಿಂದ ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ಅದರೊಳಗೆ ಬೀಳಿಸತೊಡಗಿದಳು. ನೀರಿನಲ್ಲಿ ಬಿದ್ದ ಮಾತ್ರೆಗಳು ಬಣ್ಣ ಬಿಡುತ್ತಿದ್ದವು. ಗಂಡ ತಲೆ ಹೊರಳಿಸಿ ನೋಡುತ್ತಲೇ ಇದ್ದ.

"ಎಲ್ಲಾ ಹಾಕ್ಬಿಡಬೇಡ ಕಣೇ," ಎಂದ ಮೆಲ್ಲಗೆ. "ಒಂದೆರಡು ಇರ್ಲಿ. ಅದಿಲ್ದೆ ಮಂಡಿ ಮಡಚಕ್ಕಾಗಲ್ಲ ನಂಗೆ."

ಅವಳ ಹೆಬ್ಬೆರಳು ಮುಂದಿನ ಮಾತ್ರೆಯ ಮೇಲೆ ನಿಂತಿತು.